ನಮ್ಮ ಹಾಕು, ತೆಗಿ ಮತ್ತೆ ಇಂಗ್ಲಿಷಿನ ಪುಟ್ ಆಫ್

ಬಾಗಿಲು ಹಾಕು ಅಂದ್ರೆ ಮುಚ್ಚು ಅಂತ. ಲೈಟ್ ಹಾಕು ಅಂದ್ರೆ ಹಚ್ಚು ಅಂತ. ಊಟಕ್ಕೆ ಹಾಕು ಅಂದ್ರೆ ಬಡಿಸು, ಬೀಗ ಹಾಕು ಅಂದ್ರೆ ಜಡಿ, ರಂಗೋಲಿ ಹಾಕು ಅಂದ್ರೆ ಬಿಡಿಸು, ಅರ್ಜಿ ಹಾಕು ಅಂದ್ರೆ ಬರೆದು ಕೊಟ್ಟು ಬಾ. ಹಾಗೇ ತೆಗಿ ಕಡೆ ಬನ್ನಿ. ಬಾಗಿಲು ತೆಗಿ ಅಂದ್ರೆ ತೆರೆಯೋದು. ಶರ್ಟ್ ತೆಗಿ ಅಂದ್ರೆ ಬಿಚ್ಚೋದು. ಫೋಟೊ ತೆಗಿ, ಬ್ಯಾಂಕಿಂದ ದುಡ್ಡು ತೆಗಿ, ತಲೆಯಿಂದ ಆ ಯೋಚ್ನೆ ತೆಗಿ. ಒಂದೇ ಮಾತು, ಹತ್ತು ಕೆಲಸ. ನಮಗೆ ಯಾರೂ ಇದನ್ನ ಪಟ್ಟಿ ಮಾಡಿ ಬಾಯಿಪಾಠ ಮಾಡಿಸ್ಲಿಲ್ಲ. ಅಮ್ಮ ಒಲೆ ಮುಂದೆ ಕೂತು ಕೂಗಿದ್ದನ್ನ ಕೇಳಿ ಕೇಳಿ ಬಂತು.

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರೋ ಒಡಿಶಾದ ಹುಡುಗಿಗೆ ಹಾಗೆ ಬರ್ಲಿಲ್ಲ ನೋಡಿ. ಪಾಪ, ಬರೆದುಕೊಂಡು ಕಲಿಯೋ ಹುಡುಗಿ. ಮೊದಲನೇ ತಿಂಗಳು ಸುಸ್ತಾಗಿ ಹೋದ್ಲು. "ಆಂಟಿ, ಬಾಗಿಲು ಹಾಕಿದ್ರೆ ಮುಚ್ಕೊಳ್ಳತ್ತೆ, ಫ್ಯಾನ್ ಹಾಕಿದ್ರೆ ತಿರುಗತ್ತೆ, ಇದ್ಯಾವ ನ್ಯಾಯ?" ಅಂತ ಕೇಳಿದ್ಲು. ನಾನು ನಕ್ಕು, "ನಿನ್ನ ಇಂಗ್ಲಿಷಲ್ಲಿ ಅಲಾರಂ ಗೋಸ್ ಆಫ್ ಅಂದ್ರೆ ಹೊಡ್ಕೊಳ್ಳತ್ತೆ, ಲೈಟ್ ಗೋಸ್ ಆಫ್ ಅಂದ್ರೆ ಆರ್ಹೋಗತ್ತೆ, ಅದ್ಯಾವ ನ್ಯಾಯ?" ಅಂದೆ. ಇಬ್ರೂ ಕಾಫಿ ಕುಡಿದ್ವಿ.

ಇವತ್ತು ಬರೀತಿರೋದು ಇದರ ಬಗ್ಗೇನೇ. ಇಂಗ್ಲಿಷಲ್ಲಿ ಒಂದು ಸಣ್ಣ ಕ್ರಿಯಾಪದಕ್ಕೆ ಒಂದು ಸಣ್ಣ ಬಾಲ ಅಂಟಿಸ್ತಾರಲ್ಲ, ಪುಟ್ ಆನ್, ಪುಟ್ ಆಫ್, ಲುಕ್ ಆಫ್ಟರ್, ಲುಕ್ ಫಾರ್ ಅಂತ, ಅವು. ಅವಕ್ಕೆ ಫ್ರೇಸಲ್ ವರ್ಬ್ ಅಂತ ಹೆಸರು. ಆ ಹೆಸರು ಬಂದು ಬಹಳ ಕಾಲ ಏನೂ ಆಗಿಲ್ಲ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅನ್ನೋರು ತಮ್ಮ ಪುಸ್ತಕದಲ್ಲಿ ಬಳಸಿದ್ರು, ಆಕ್ಸ್‌ಫರ್ಡ್ ನಿಘಂಟಿನ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಇದು ಅಂತಾನೂ ಹೇಳಿದ್ರು. ಆದ್ರೆ ತೊಂದರೆ ಮಾತ್ರ ಹಳೇದು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ತಂದಾಗ್ಲೇ ಮುನ್ನುಡೀಲಿ ಬರೆದಿದ್ರು, ಪರದೇಶದವರಿಗೆ ನಮ್ಮ ಭಾಷೇಲಿ ಎಲ್ಲಕ್ಕಿಂತ ಕಷ್ಟ ಆಗೋದು ಈ ಬಾಲ ಅಂಟಿಸಿದ ಕ್ರಿಯಾಪದಗಳೇ ಅಂತ. ಇದನ್ನ ನಮ್ಮ ಮಧ್ಯಾಹ್ನದ ಗುಂಪಲ್ಲಿ ಹೇಳಿದಾಗ ಎಲ್ರಿಗೂ ಎಷ್ಟು ಸಮಾಧಾನ ಆಯ್ತು ಗೊತ್ತಾ. ಅಷ್ಟು ದೊಡ್ಡ ಮನುಷ್ಯನೇ ಒಪ್ಪಿಕೊಂಡ ಮೇಲೆ ನಮ್ಮ ತಲೆ ದಪ್ಪ ಅಂತ ಯಾರು ಹೇಳ್ತಾರೆ?

ಮಧ್ಯಾಹ್ನದ ಗುಂಪು ಅಂದೆ. ಹೊಸದಾಗಿ ಓದ್ತಿರೋರಿಗೆ ಹೇಳ್ಬೇಕು. ರಾಜೀವನಗರ ಎರಡನೇ ಹಂತದಲ್ಲಿ ನಮ್ಮನೆ ಜಗಲೀಲಿ ಊಟ ಆದ್ಮೇಲೆ, ಮಕ್ಕಳು ಸ್ಕೂಲಿಂದ ಬರೋದ್ರೊಳಗೆ, ನಾಲ್ಕೈದು ಜನ ಸೇರ್ತೀವಿ. ಪಕ್ಕದ ಮನೆ ಆಪಾ, ಅವರ ಸೊಸೆ, ಎದುರು ಮನೆ ಟೀಚರಮ್ಮನ ನಾದಿನಿ, ಹಿಂದಿನ ಬೀದಿಯಿಂದ ಊದುಬತ್ತಿ ಹೊಸೆಯೋ ಒಬ್ರು. ಅವರು ಮಾತಾಡ್ತಾನೂ ಹೊಸೀತಾನೇ ಇರ್ತಾರೆ, ಕೈ ನಿಲ್ಸಲ್ಲ. ಶುರುವಾಗಿದ್ದು ಮಕ್ಕಳ ಹೋಮ್‌ವರ್ಕ್ ನೋಡೋದಕ್ಕೆ. ನಾನು ಬಿಎಲಿ ಇಂಗ್ಲಿಷ್ ಮೇಜರ್ ಓದಿದ್ದು ಅಂತ ಇವರಿಗೆ ಗೊತ್ತಾಗಿದ್ದೇ ತಡ, ಹೋಮ್‌ವರ್ಕ್ ಹೋಗಿ ಅಮ್ಮಂದಿರ ಕ್ಲಾಸ್ ಆಯ್ತು.

ಈ ಬಾಲದ ಮಾತು ಮೇಲೆ ಬಂದಿದ್ದು ಊದುಬತ್ತಿಯವರ ಮಗಳಿಂದ. ಹುಡುಗಿ ಬಿಕಾಂ ಮುಗಿಸಿದಾಳೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಆಫೀಸಿಗೆ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ಲು. ಸೋಮವಾರ ಇಂಟರ್‌ವ್ಯೂ. ಭಾನುವಾರ ಸಂಜೆ ಎರಡು ಸಾಲಿನ ಮೇಲ್ ಬಂತು, ಇಂಟರ್‌ವ್ಯೂ ಹ್ಯಾಸ್ ಬೀನ್ ಕಾಲ್ಡ್ ಆಫ್, ವಿ ವಿಲ್ ಗೆಟ್ ಬ್ಯಾಕ್ ಟು ಯು ಅಂತ. ಇವಳು ಕಾಲ್ಡ್ ನೋಡಿದ್ಲು, ಕರೆದಿದಾರೆ ಅಂದ್ಕೊಂಡ್ಲು. ಗೆಟ್ ಬ್ಯಾಕ್ ನೋಡಿದ್ಲು, ಮತ್ತೆ ಬನ್ನಿ ಅಂತಿದಾರೆ ಅಂದ್ಕೊಂಡ್ಲು. ಬೆಳಿಗ್ಗೆ ಇಸ್ತ್ರಿ ಮಾಡಿದ ಚೂಡಿದಾರ್ ಹಾಕ್ಕೊಂಡು, ಮಾರ್ಕ್ಸ್ ಕಾರ್ಡೆಲ್ಲ ಫೈಲಿಗಿಟ್ಕೊಂಡು, ಅಮ್ಮನ್ನೂ ಜೊತೆಗೆ ಕರ್ಕೊಂಡು ಎರಡು ಬಸ್ ಬದಲಾಯಿಸಿ ಹೋದ್ಲು. ಗೇಟಲ್ಲಿ ವಾಚ್‌ಮನ್ನು ಇವತ್ತು ಏನೂ ಇಲ್ಲ ಅಂದ. ಮೇಲ್ ತೋರಿಸಿದ್ರೆ ಅವನಿಗೂ ಓದಕ್ಕೆ ಬರ್ಲಿಲ್ಲ. ಒಳಗಿಂದ ಒಬ್ಬರು ಬಂದು, ಓದಿ, "ಇದ್ರಲ್ಲೇ ಬರೆದಿದ್ಯಲ್ಲಮ್ಮ" ಅಂದು ಒಳಗೆ ಹೋದ್ರಂತೆ. ಅಮ್ಮನಿಗೆ ಅವತ್ತಿನ ಬತ್ತಿ ಲೆಕ್ಕ ಹೋಯ್ತು. ಹುಡುಗಿಗೆ ಬಸ್ಸಲ್ಲಿ ಬರ್ತಾ ಅಮ್ಮನ ಮುಖ ನೋಡಕ್ಕಾಗ್ಲಿಲ್ಲ.

ನನಗೆ ಸಿಟ್ಟು ಬಂದಿದ್ದು ಹುಡುಗಿ ಮೇಲಲ್ಲ. ಕ್ಯಾನ್ಸಲ್ ಅಂತ ಬರೆದಿದ್ರೆ ಏನ್ ಹೋಗ್ತಿತ್ತು ಆ ಆಫೀಸಿನವರಿಗೆ? ಬಸ್ ಕ್ಯಾನ್ಸಲ್, ರೈಲ್ ಕ್ಯಾನ್ಸಲ್, ಮದುವೆ ಕ್ಯಾನ್ಸಲ್, ನಮ್ಮಲ್ಲಿ ಓದದೇ ಇರೋ ಅಜ್ಜೀಗೂ ಗೊತ್ತು ಕ್ಯಾನ್ಸಲ್ ಅಂದ್ರೇನು ಅಂತ.

ಇಲ್ಲಿ ಒಂದು ವಿಷಯ ನೋಡಿ, ಇದನ್ನ ಯಾವ ಗ್ರಾಮರ್ ಪುಸ್ತಕಾನೂ ನಮಗೆ ಹೇಳಲ್ಲ. ನಮಗೆ ಸ್ಕೂಲಲ್ಲಿ ಕಲಿಸಿದ್ದು ದೊಡ್ಡ ಮಾತುಗಳು. ಪೋಸ್ಟ್‌ಪೋನ್, ಟಾಲರೇಟ್, ಇನ್‌ವೆಸ್ಟಿಗೇಟ್, ಕಂಟಿನ್ಯೂ, ರಿಜೆಕ್ಟ್. ಇವು ನಮಗೆ ಸಲೀಸು. ಇಂಗ್ಲಿಷ್ ಮನೆಮಾತಾಗಿರೋರಿಗೆ ಇವೇ ದೊಡ್ಡ ಮಾತು, ಕಾಗದ ಪತ್ರದ ಮಾತು. ಅವರು ಮನೇಲಿ ಆಡೋದು ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು, ಕ್ಯಾರಿ ಆನ್, ಟರ್ನ್ ಡೌನ್. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆ, ಕೋರ್ಟು ಎಲ್ಲ ಫ್ರೆಂಚ್ ಆಯ್ತು, ಓದಿದವರ ಬರವಣಿಗೆಗೆ ಲ್ಯಾಟಿನ್ ಮೊದಲಿಂದಾನೂ ಇತ್ತು. ದೊಡ್ಡ ಮಾತುಗಳು ಬಹುಪಾಲು ಆ ಎರಡು ಬಾಗಿಲಿಂದ ಬಂದದ್ದು. ಒಲೆ ಮುಂದಿನ ಮಾತು ಹಳೇದೇ ಉಳೀತು. ನಮ್ಮಲ್ಲಿ ಇಲ್ವೇ? ತಾಲ್ಲೂಕು ಆಫೀಸಿನ ಕಾಗದದಲ್ಲಿ ತಿರಸ್ಕರಿಸಲಾಗಿದೆ ಅಂತಿರತ್ತೆ, ಮನೇಲಿ ಆಗಲ್ಲ ಅಂದ್ಬಿಟ್ರು ಅಂತೀವಿ. ಅಲ್ಲಿ ಸಹಿಸು, ಇಲ್ಲಿ ತಡ್ಕೊ. ಅಲ್ಲಿ ಪ್ರಾರಂಭಿಸು, ಇಲ್ಲಿ ಶುರು ಹಚ್ಕೊ. ಕನ್ನಡ ಕಲಿಯೋ ಹೊರಗಿನವಳಿಗೆ ಪ್ರಾರಂಭಿಸು ಸುಲಭ, ಶುರು ಹಚ್ಕೊ ಕಷ್ಟ.

ಹಾಗಾಗಿ ಯಾರೋ ಪುಣ್ಯಾತ್ಮರು, ಇವರಿಗೆ ಸರಳವಾಗಿ ಬರೆಯೋಣ ಅಂತ ಕಾಲ್ಡ್ ಆಫ್ ಅಂತ ಬರೀತಾರೆ. ಅವರಿಗೆ ಸರಳ. ನಮಗೆ ಗುಂಡಿ.

ಮತ್ತೆ ಇದನ್ನ ಕಲಿಯೋದು ಹೇಗೆ? ಪುಸ್ತಕಗಳಲ್ಲಿ ಲುಕ್ ಅಂತ ತಲೆಬರಹ ಹಾಕಿ ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇನ್‌ಟು, ಲುಕ್ ಅಪ್, ಲುಕ್ ಡೌನ್ ಆನ್ ಅಂತ ಒಟ್ಟಿಗೆ ಸುರಿದಿರ್ತಾರೆ. ಒಂದೇ ಥರ ಇರೋ ಐದು ಡಬ್ಬಿ ಒಟ್ಟಿಗೆ ಕೊಟ್ಟು ಇದ್ರಲ್ಲಿ ಉದ್ದಿನಬೇಳೆ ಯಾವ್ದು ಅಂದ ಹಾಗೆ. ಕಲಸಿ ಹೋಗದೆ ಇನ್ನೇನಾಗತ್ತೆ?

ದಾರಿ ತೋರಿಸಿದ್ದು ಆಪಾ. ಅವತ್ತು ಮೊಮ್ಮಗ ಜಗಲೀಲಿ ಆಡ್ತಿದ್ದ. ಅವರ ಬಾಯಲ್ಲಿ ಐದು ನಿಮಿಷದಲ್ಲಿ ಎತ್ತು ಅನ್ನೋ ಒಂದೇ ಮಾತು ಎಷ್ಟು ವೇಷ ಹಾಕ್ತು ಕೇಳಿ. ಮಗೂನ ಎತ್ಕೋ ಅಂತ ಸೊಸೆಗೆ. ಆ ಚೆಂಡು ಎತ್ಕೊಡು ಅಂತ ಹುಡುಗನಿಗೆ. ಕಾಫಿ ಲೋಟ ಎತ್ತಿಡಮ್ಮ ಅಂತ ನನಗೆ. ಅಷ್ಟರಲ್ಲಿ ಠಳ್ ಅಂತು, ಅಯ್ಯೋ ಎತ್ತಾಕ್ಬಿಟ್ಟ ಅಂತ ಎಲ್ರಿಗೂ. ನಾನು ಅದನ್ನೇ ತೋರಿಸಿ ನಾಲ್ಕಕ್ಕೂ ತಲೆ ಒಂದೇ, ಬಾಲ ಬೇರೆ ಅಂದಾಗ ಆಪಾ ತಟ್ಟಂತ, "ನಮ್ಮ ಮಾತಲ್ಲೂ ಹಂಗೇ ಕಣಮ್ಮ, ಉಠಾ ಲೇ, ಉಠಾ ದೇ, ಮಾರ್ ಡಾಲ್, ಮರ್ ಗಯಾ" ಅಂದ್ರು. ಕೊಳ್ಳು ಬಂದ್ರೆ ನಿನಗೆ, ಕೊಡು ಬಂದ್ರೆ ಇನ್ನೊಬ್ಬರಿಗೆ, ಬಿಡು ಬಂದ್ರೆ ಮುಗೀತು. ಹೇಳ್ಕೊ ಅಂದ್ರೆ ಮನಸ್ಸಲ್ಲಿರೋದು ಆಚೆ ಹಾಕು, ಹೇಳ್ಕೊಡು ಅಂದ್ರೆ ಪಾಠ ಮಾಡು, ಹೇಳ್ಬಿಡು ಅಂದ್ರೆ ಇನ್ನು ಎಳೀಬೇಡ. ಇಂಗ್ಲಿಷಿನವರು ಈ ಕೆಲಸವನ್ನ ಇನ್ನೊಂದು ಕ್ರಿಯಾಪದದಿಂದ ಮಾಡಿಸದೆ ಆಫ್, ಅಪ್, ಔಟ್‌ಗಳಿಂದ ಮಾಡಿಸ್ತಾರೆ, ಅಷ್ಟೇ. ನಾವು ತಲೆ ಹಿಡ್ಕೊಂಡು ಕೂತಿದ್ವಿ, ಹಿಡೀಬೇಕಾಗಿದ್ದು ಬಾಲ. ಅವತ್ತಿಂದ ನೋಟ್‌ಬುಕ್ಕಲ್ಲಿ ಲುಕ್‌ಗೊಂದು ಪುಟ ಬಿಟ್ಟು ಆಫ್‌ಗೊಂದು ಪುಟ, ಅಪ್‌ಗೊಂದು ಪುಟ ಮಾಡಿದ್ವಿ.

ಆಫ್ ಪುಟದಿಂದ ಶುರು ಮಾಡ್ತೀನಿ, ಹುಡುಗಿಗೆ ಪೆಟ್ಟು ಕೊಟ್ಟಿದ್ದು ಅದೇ ತಾನೆ. ಆಫ್ ಅಂದ್ರೆ ಅಂಟಿಕೊಂಡಿದ್ದು ಬೇರೆ ಆಗೋದು. ಟೇಕ್ ಆಫ್ ಅಂದ್ರೆ ಮೈಯಿಂದ ಬಟ್ಟೆ, ಕಾಲಿಂದ ಚಪ್ಪಲಿ ಬೇರೆ. ವಿಮಾನ ಟೇಕ್ ಆಫ್ ಆದ್ರೆ ನೆಲದಿಂದ ಬೇರೆ. ಸಾಲ ಪೇ ಆಫ್ ಮಾಡಿದ್ರೆ ಸಾಲದಿಂದ ನಾವು ಬೇರೆ. ಊರಿಗೆ ಹೊರಟ ನೆಂಟರನ್ನ ಬಸ್‌ಸ್ಟ್ಯಾಂಡ್‌ವರೆಗೂ ಹೋಗಿ ಕಳಿಸಿದ್ರೆ ಸೀ ಆಫ್. ಕಾಲ್ ಆಫ್ ಅಂದ್ರೆ ಆ ದಿನದಿಂದ ಆ ಕಾರ್ಯಾನೇ ಕಿತ್ತು ಹಾಕಿದ್ರು, ರದ್ದು. ಪುಟ್ ಆಫ್ ಅಂದ್ರೆ ಮುಂದಕ್ಕೆ ಹಾಕಿದ್ರು, ಇನ್ನೊಂದು ದಿನ ನಡೆಯತ್ತೆ. ಈ ಎರಡನ್ನ ಮಾತ್ರ ಎದೆಗೆ ಹಚ್ಕೊಳ್ಳಿ. ಕಾಲ್ಡ್ ಆಫ್ ಅಂದ ಮದುವೆಗೆ ಸೀರೆ ತಗೊಳ್ಳೋದು ಬೇಡ, ಪುಟ್ ಆಫ್ ಆದ ಮದುವೆಗೆ ತಗೊಂಡಿರಿ.

ನಮ್ಮೂರಲ್ಲಿ ಪುಟ್ ಆಫ್ ದಿ ಲೈಟ್ ಅಂತಾರಲ್ಲ, ಅದೂ ನಮ್ಮ ಹಾಕು-ತೆಗಿ ಪ್ರಭಾವಾನೇ ಇರ್ಬೇಕು ಅಂತ ನನಗನ್ಸತ್ತೆ. ಲೈಟ್ ಹಾಕು ಅನ್ನೋದು ಪುಟ್ ಆನ್ ಆದ್ಮೇಲೆ ಆರಿಸೋದು ಪುಟ್ ಆಫ್ ಆಗ್ಲೇಬೇಕಲ್ಲ. ಮನೇಲಿ ಹಾಗೇ ಅನ್ನಿ, ಎಲ್ರಿಗೂ ಅರ್ಥ ಆಗತ್ತೆ, ತಲೆ ಕೆಡಿಸ್ಕೋಬೇಡಿ. ಬರೆಯೋವಾಗ, ಹೊರಗಿನವರ ಹತ್ರ ಮಾತಾಡೋವಾಗ ಟರ್ನ್ ಆಫ್, ಸ್ವಿಚ್ ಆಫ್ ಅಂದ್ರೆ ಸಾಕು.

ಇನ್ನು ಡ್ರಾಪ್ ಆಫ್. ಮಗೂನ ಸ್ಕೂಲ್ ಹತ್ರ ಇಳಿಸಿ ಬರೋದು. ಇದರ ಪಕ್ಕದಲ್ಲೇ ಡ್ರಾಪ್ ಔಟ್ ಕೂತಿದೆ, ಅಂದ್ರೆ ಓದೇ ಬಿಟ್ಟುಬಿಡೋದು. ಆಪಾ ಸೊಸೆ ಹೇಳಿದ್ದು ಇದು. ಯಾರೋ ತಾಯಿ ಸ್ಕೂಲಿನ ಆಫೀಸಿಗೆ ಫೋನ್ ಮಾಡಿ ನಾಳೆ ಒಂಬತ್ತಕ್ಕೆ ಮಗಳನ್ನ ಡ್ರಾಪ್ ಔಟ್ ಮಾಡ್ತೀನಿ ಅಂದ್ಲಂತೆ. ಆಚೆ ಕಡೆಯೋರು ಗಾಬರಿಯಾಗಿ ಯಾಕಮ್ಮ, ಚೆನ್ನಾಗಿ ಓದ್ತಾಳಲ್ಲ, ಫೀಸಿಗೆ ತೊಂದರೇನಾ ಅಂತ ಕೇಳಿದ್ರಂತೆ. ಎಲ್ರೂ ನಕ್ಕ್ವಿ. ಆಮೇಲೆ ಯಾರೂ ನಗಲಿಲ್ಲ, ಯಾಕಂದ್ರೆ ನಮ್ಮ ಗುಂಪಲ್ಲೇ ಇಬ್ರು ಏಳನೇ ಕ್ಲಾಸಿಗೆ ಡ್ರಾಪ್ ಔಟ್ ಆದೋರು.

ಅಪ್ ಪುಟ ನನಗೆ ಬಲು ಇಷ್ಟ. ಅಪ್ ಅಂದ್ರೆ ಮೇಲೆ ಅಂತ ಎಲ್ರೂ ಕಲೀತಾರೆ. ಆದ್ರೆ ಬಾಲವಾಗಿ ಬಂದಾಗ ಬಹಳ ಸಲ ಅದು ನಮ್ಮ ಬಿಡು. ಈಟ್ ಅಪ್ ಅಂದ್ರೆ ತಿಂದ್ಬಿಡು, ತಟ್ಟೇಲಿ ಒಂದಗುಳೂ ಬಿಡಬೇಡ. ಡ್ರಿಂಕ್ ಅಪ್, ಕುಡಿದ್ಬಿಡು. ಯೂಸ್ ಅಪ್, ಬಳಸಿ ಖಾಲಿ ಮಾಡ್ಬಿಡು. ಈ ಅಪ್ ರುಚಿ ಹತ್ತಿದ ಮೇಲೆ ನಮ್ಮೋರು ಅದನ್ನ ಬೇಡದ ಕಡೆಗೂ ಹಾಕ್ತಾರೆ, ಕೋಪ್ ಅಪ್ ಅಂತ. ಅದು ಬರೀ ಕೋಪ್ ವಿತ್. ಕಷ್ಟನ ಕೋಪ್ ಅಪ್ ಮಾಡಕ್ಕಾಗಲ್ಲ, ಕೋಪ್ ವಿತ್ ಮಾಡ್ಬೇಕು.

ಗಿವ್ ಅಪ್, ಗಿವ್ ಇನ್ ಎರಡೂ ಕಲಸಿಕೊಳ್ತವೆ. ನಮ್ಮ ಮಾವನವರು ಸಕ್ಕರೆ ಕಾಯಿಲೆ ಅಂತ ಕಾಫಿಗೆ ಸಕ್ಕರೆ ಹಾಕ್ಕೊಳ್ಳೋದನ್ನ ಬಿಟ್ಟುಬಿಟ್ರು, ಅದು ಗಿವ್ ಅಪ್. ಅದೇ ಮಾವನವರು ಮೊಮ್ಮಗಳು ಅಂಗಡಿ ಮುಂದೆ ನೆಲದ ಮೇಲೆ ಉರುಳಾಡಿದ್ರೆ ಎರಡು ನಿಮಿಷ ತಡೀತಾರೆ, ಆಮೇಲೆ ಚಾಕೊಲೆಟ್ ಕೊಡಿಸ್ತಾರೆ, ಅದು ಗಿವ್ ಇನ್. ಅಪ್ ನಾವೇ ಬಿಡೋದು, ಇನ್ ಇನ್ನೊಬ್ಬರ ಹಠಕ್ಕೆ ಬಗ್ಗೋದು.

ದಸರಾ ಬಂದ್ರೆ ನಮ್ಮ ಮನೆಗಳಿಗೆ ನೆಂಟರು ಬರ್ತಾರಲ್ಲ. ಅವರಿಗೆ ಜಾಗ ಕೊಟ್ಟು ಇರಿಸ್ಕೊಳ್ಳೋದು ಪುಟ್ ಅಪ್. ಅವರ ಕಾಟ ತಡ್ಕೊಳ್ಳೋದು ಪುಟ್ ಅಪ್ ವಿತ್. ಒಂದು ಸಣ್ಣ ವಿತ್ ಅಷ್ಟೇ ನೋಡಿ ವ್ಯತ್ಯಾಸ. ಕೆಲವರನ್ನ ನಾವು ಪುಟ್ ಅಪ್ ಮಾಡ್ತೀವಿ, ಕೆಲವರನ್ನ ಎರಡೂ. (ಓದ್ತಿರೋ ನಾದಿನಿಯರು ಯಾರೂ ಮೈಮೇಲೆ ಎಳ್ಕೋಬೇಡಿ, ನೀವು ಮೊದಲನೇ ಪಟ್ಟೀಲಿ ಇದೀರ.)

ಔಟ್ ಪುಟಕ್ಕೆ ಬಂದ್ರೆ, ರನ್ ಔಟ್ ಅಂದ್ರೆ ಖಾಲಿ ಆಗೋದು. ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್, ಹಾಲು ಖಾಲಿ. ರನ್ ಇನ್‌ಟು ಅಂದ್ರೆ ಮಾರ್ಕೆಟ್ಟಲ್ಲಿ ಹಳೇ ಗೆಳತಿ ಎದುರು ಸಿಕ್ಕಿದ್ಲು ಅಂತ. ರನ್ ಓವರ್ ಅಂದ್ರೆ ಗಾಡಿ ಮೇಲೆ ಹತ್ತೋದು. ಮಾರ್ಕೆಟ್ಟಲ್ಲಿ ಗೆಳತೀನ ರನ್ ಓವರ್ ಮಾಡಿದೆ ಅಂದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕಾಗತ್ತೆ.

ಆದ್ರೆ ಔಟ್ ಪುಟದಲ್ಲಿ ಎಲ್ಲಕ್ಕಿಂತ ಅಪಾಯದ್ದು ಪಾಸ್ ಔಟ್. ನಮ್ಮಲ್ಲಿ ಪಾಸ್ ಔಟ್ ಆದ್ಲು ಅಂದ್ರೆ ಡಿಗ್ರಿ ಮುಗಿಸಿದ್ಲು ಅಂತ. ಸೈನ್ಯದ ತರಬೇತಿ ಮುಗಿದಾಗ ಪಾಸಿಂಗ್ ಔಟ್ ಪೆರೇಡ್ ಅಂತ ಮಾಡ್ತಾರಲ್ಲ, ಅಲ್ಲಿರೋದೂ ಮುಗಿಸಿ ಹೊರಟರು ಅನ್ನೋ ಅರ್ಥವೇ. ಆದ್ರೆ ಹೊರದೇಶದಲ್ಲಿ ಸಾಮಾನ್ಯವಾಗಿ ಪಾಸ್ ಔಟ್ ಅಂದ್ರೆ ಪ್ರಜ್ಞೆ ತಪ್ಪೋದು. ಅದರ ಪಕ್ಕದಲ್ಲಿ ಪಾಸ್ ಅವೇ ಇದೆ, ಅಂದ್ರೆ ತೀರ್ಕೊಳ್ಳೋದು. ಮೂರೂ ಎಷ್ಟು ಹತ್ತಿರ ನೋಡಿ.

ನಮ್ಮ ದೊಡ್ಡಪ್ಪ ಹೋದ ವರ್ಷ ಮಗಳ ಮನೆಗೆ ಅಂತ ಕೆನಡಾಗೆ ಹೋಗಿದ್ರು. ಒಂದಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅಲ್ಲಿನ ಮೊಮ್ಮಗ ಹಾಕಿದ, ತಾತ ಪಾಸ್ಡ್ ಔಟ್ ದಿಸ್ ಮಾರ್ನಿಂಗ್. ಅಷ್ಟೇ. ನಮಗಿಲ್ಲಿ ರಾತ್ರಿ. ಮಂಡ್ಯದ ಚಿಕ್ಕಪ್ಪ ಓಂ ಶಾಂತಿ ಅಂತ ಹಾಕಿದ್ರು. ಅದನ್ನ ನೋಡಿ ಹಾಸನದೋರು, ಅದನ್ನ ನೋಡಿ ಬೆಂಗಳೂರಿನೋರು. ಮಧ್ಯದಲ್ಲಿ ಒಬ್ಬ ಹುಡುಗ ಕಂಗ್ರಾಟ್ಸ್ ತಾತ ಅಂತ ಕೇಕಿನ ಚಿತ್ರ ಹಾಕಿದ, ಏನೋ ಪರೀಕ್ಷೆ ಪಾಸಾಗಿದಾರೆ ಅಂದ್ಕೊಂಡು. ದೊಡ್ಡಮ್ಮ ಇಲ್ಲೇ ಇದ್ರು, ಮಂಡಿ ನೋವು ಅಂತ ಹೋಗಿರ್ಲಿಲ್ಲ. ಅವರಿಗೆ ಯಾರೋ ಫೋನ್ ಮಾಡಿ ಅತ್ತುಬಿಟ್ರು. ಮಗಳಿಗೆ ಲೈನ್ ಸಿಗೋವರೆಗೂ ಮುಕ್ಕಾಲು ಗಂಟೆ ದೊಡ್ಡಮ್ಮ ಕುರ್ಚೀಲಿ ಹಾಗೇ ಕೂತಿದ್ರು. ಅಳ್ಲೂ ಇಲ್ಲ, ಮಾತೂ ಆಡ್ಲಿಲ್ಲ. ದೊಡ್ಡಪ್ಪನಿಗೆ ಆಗಿದ್ದು ತಲೆ ಸುತ್ತು, ಬೆಳಿಗ್ಗೆ ತಿಂಡಿ ತಿನ್ನದೆ ಸಕ್ಕರೆ ಇಳಿದಿತ್ತು. ಸಂಜೆ ಹೊತ್ತಿಗೆ ಎದ್ದು ಕೂತು ಗುಂಪಿನ ಮೆಸೇಜ್‌ಗಳನ್ನೆಲ್ಲ ತಾವೇ ಓದಿದ್ರು. "ಮಂಡ್ಯದವನು ಮೊದಲು ಹಾಕಿದಾನೆ, ಆಸ್ತಿ ಮೇಲೆ ಕಣ್ಣು" ಅಂದ್ರು. ನಾವು ಈಗ ನಗ್ತೀವಿ. ದೊಡ್ಡಮ್ಮ ಇವತ್ತಿಗೂ ನಗಲ್ಲ.

ಆ ಹುಡುಗನದು ತಪ್ಪಿಲ್ಲ, ಅವನ ಊರಿನ ಮಾತು ಅವನು ಬರೆದ. ಓದೋರಿಗೆ ಮಾತ್ರ ಎಚ್ಚರ ಬೇಕು. ಹೊರದೇಶದ ಮಕ್ಕಳಿಂದ ಪಾಸ್ಡ್ ಔಟ್ ಅಂತ ಬಂದ್ರೆ ಮೊದಲು ಫೋನ್, ಆಮೇಲೆ ಬಾಕಿ. ನಮ್ಮ ಮಕ್ಕಳಿಗೂ ಹೇಳ್ಕೊಡಿ, ಹೊರಗಿನ ಕೆಲಸಕ್ಕೆ ಅರ್ಜಿ ಬರೆಯೋವಾಗ ಐ ಪಾಸ್ಡ್ ಔಟ್ ಇನ್ ಇಂಥ ವರ್ಷ ಅನ್ನೋ ಬದಲು ಗ್ರ್ಯಾಜುಯೇಟೆಡ್ ಅಂತ ಬರೀಲಿ. ಇಲ್ಲಾಂದ್ರೆ ಆ ವರ್ಷ ಇವಳು ಮೂರ್ಛೆ ಹೋಗಿದ್ಲು ಅಂತ ಓದ್ಕೋತಾರೆ.

ಡಾಕ್ಟರ ಹತ್ರ ಹೋದಾಗ ಬೇಕಾಗೋವು ಒಂದೆರಡು ಇವೆ. ಥ್ರೋ ಅಪ್ ಅಂದ್ರೆ ವಾಂತಿ, ಥ್ರೋ ಅವೇ ಅಂದ್ರೆ ಬಿಸಾಕೋದು. ಕಟ್ ಡೌನ್ ಆನ್ ಸಾಲ್ಟ್ ಅಂದ್ರೆ ಉಪ್ಪು ಕಮ್ಮಿ ಮಾಡಿ, ಕಟ್ ಔಟ್ ಸಾಲ್ಟ್ ಅಂದ್ರೆ ಉಪ್ಪು ಪೂರ್ತಿ ನಿಲ್ಸಿ. ಬಿಪಿ ಇರೋರ ಮನೇಲಿ ಇದನ್ನ ಕಲಸಿದ್ರೆ ಒಂದೋ ಸಪ್ಪೆ ಸಾರು ತಿಂದು ಅತ್ತೆ ಊಟ ಬಿಡ್ತಾರೆ, ಇಲ್ಲಾಂದ್ರೆ ಬಿಪಿ ಇಳಿಯಲ್ಲ. ಚೀಟೀಲಿ ಏನ್ ಬರೆದಿದಾರೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅಲ್ಲೇ ಕೇಳಿ, ಕನ್ನಡದಲ್ಲೇ ಕೇಳಿ, ಕಮ್ಮಿ ಮಾಡ್ಬೇಕಾ ನಿಲ್ಸಬೇಕಾ ಅಂತ. ನಾಚಿಕೆ ಪಡೋದು ಏನಿಲ್ಲ.

ಲುಕ್ ಬಗ್ಗೆ ಬಹಳ ಹೇಳಲ್ಲ. ನೋಡು ಅಂದ್ರೆ ಲುಕ್, ನೋಡ್ಕೊ ಅಂದ್ರೆ ಲುಕ್ ಆಫ್ಟರ್. ನಮ್ಮ ಕೊಳ್ಳು ಮಾಡೋ ಕೆಲಸ ಅವರ ಆಫ್ಟರ್ ಮಾಡತ್ತೆ, ಇಷ್ಟು ಹೊಂದೋ ಜೋಡಿ ಇನ್ನೊಂದಿಲ್ಲ. ಲುಕ್ ಫಾರ್ ಅಂದ್ರೆ ಹುಡುಕೋದು, ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ರೆ ಫೈಂಡ್. ಸಾಮಾನಲ್ಲ, ವಿಷಯ ಗೊತ್ತು ಮಾಡ್ಕೊಂಡ್ರೆ ಫೈಂಡ್ ಔಟ್. ನಮ್ಮ ಊದುಬತ್ತಿಯವರು ಮನೆಗೆಲಸದ ಜಾಹೀರಾತು ಓದಿ ಲುಕಿಂಗ್ ಫಾರ್ ಎ ಲೇಡಿ ಟು ಲುಕ್ ಆಫ್ಟರ್ ಆನ್ ಓಲ್ಡ್ ಮದರ್ ಅನ್ನೋದನ್ನ ತಾವೇ ಬಿಡಿಸಿದ್ರು: ಹುಡುಕ್ತಿದಾರೆ, ನೋಡ್ಕೊಳ್ಳೋದಕ್ಕೆ. ಎರಡು ಲುಕ್ ಒಂದೇ ಸಾಲಲ್ಲಿ, ತಡವರಿಸ್ಲಿಲ್ಲ.

ಟೀಚರಮ್ಮನ ನಾದಿನಿ ಕೇಳಿದ ಪ್ರಶ್ನೆ ಒಂದಿದೆ, ಅದು ಬಹಳ ಜನಕ್ಕೆ ಬರತ್ತೆ. ಇಟ್ ಅನ್ನೋದನ್ನ ಎಲ್ಲಿ ಇಡಬೇಕು? ಟರ್ನ್ ಇಟ್ ಆಫ್ ಅಂತಾರೆ, ಟರ್ನ್ ಆಫ್ ಇಟ್ ಅನ್ನಲ್ಲ. ಅದೇ ಲುಕ್ ಆಫ್ಟರ್ ಇಟ್ ಅಂತಾರೆ, ಲುಕ್ ಇಟ್ ಆಫ್ಟರ್ ಅನ್ನಲ್ಲ. ಯಾಕೆ? ನಾವು ಮಾಡ್ಕೊಂಡಿರೋ ಗುರುತು ಇದು, ನೂರಕ್ಕೆ ನೂರು ಅಲ್ಲ, ಆದ್ರೆ ದಿನದ ಕೆಲಸಕ್ಕೆ ಸಾಕು. ಆಫ್ಟರ್, ಫಾರ್, ಇನ್‌ಟು, ವಿತ್ ಇವು ಬಿಗಿ ಬಾಲ, ಮಧ್ಯ ಯಾರನ್ನೂ ಬಿಡಲ್ಲ. ಇಟ್ ಆಚೆ ಬರಬೇಕು. ಆಫ್, ಅಪ್, ಔಟ್, ಅವೇ ಇವು ಸಡಿಲ ಬಾಲ. ಏನನ್ನ ಅಂತ ಹೇಳೋದಿದ್ದು, ಅದು ಇಟ್, ದೆಮ್, ಹಿಮ್ ಥರ ಸಣ್ಣ ಮಾತಾದ್ರೆ ಮಧ್ಯದಲ್ಲೇ ಕೂರಬೇಕು: ಪುಟ್ ಇಟ್ ಆಫ್, ಗಿವ್ ಇಟ್ ಅಪ್, ಥ್ರೋ ದೆಮ್ ಅವೇ. ಲೈಟ್ ಅಂತ ಹೆಸರೇ ಹೇಳಿದ್ರೆ ಎರಡು ಕಡೆಯೂ ಸರಿ, ಟರ್ನ್ ಆಫ್ ದಿ ಲೈಟ್, ಟರ್ನ್ ದಿ ಲೈಟ್ ಆಫ್.

ಹಾಗಂತ ಬಾಲಾನ ಪೂರ್ತಿ ನಂಬಬೇಡಿ. ಮೊದಲೇ ಹೇಳಿದ್ನಲ್ಲ, ಅಲಾರಂ ಗೋಸ್ ಆಫ್ ಅಂದ್ರೆ ಕಿರುಚತ್ತೆ. ಇಂಗ್ಲೆಂಡಿನ ಕಡೆ ಹಾಲು ಗೋಸ್ ಆಫ್ ಅಂದ್ರೆ ಕೆಟ್ಟುಹೋಗತ್ತೆ. ಫಾರ್ಮನ್ನ ಫಿಲ್ ಇನ್ ಅಂದ್ರೂ ಅದೇ, ಫಿಲ್ ಔಟ್ ಅಂದ್ರೂ ಅದೇ, ಒಳಗೂ ಹೊರಗೂ ಒಂದೇ ಆದ ಜಾಗ ಅದೊಂದೇ ಇರ್ಬೇಕು. ನಾವು ಫಿಲ್ ಅಪ್ ದಿ ಫಾರ್ಮ್ ಅಂತೀವಿ. ಸ್ಕೂಟರ್ ಟ್ಯಾಂಕಿಗೆ ಅದು ಹೆಚ್ಚು ಒಪ್ಪತ್ತೆ. ಇಂಥವು ಬಂದಾಗ ನ್ಯಾಯ ಕೇಳದೆ ಬರೆದಿಟ್ಕೊಳ್ಳೋದು. ನಮ್ಮ ಬಾಗಿಲು ಹಾಕುಗೆ ನಾವೇನು ನ್ಯಾಯ ಹೇಳ್ತೀವಿ?

ಊದುಬತ್ತಿಯವರ ಮಗಳ ವಿಷಯ ಕೇಳ್ತೀರಿ ಅಂತ ಗೊತ್ತು. ಆ ಆಫೀಸಿನವರು ಗೆಟ್ ಬ್ಯಾಕ್ ಮಾಡ್ಲೇ ಇಲ್ಲ. ಅದರ ಅರ್ಥ ಆಮೇಲೆ ತಿಳಿಸ್ತೀವಿ ಅಂತ, ಆದ್ರೆ ತಿಳಿಸ್ದೇ ಇರೋದಕ್ಕೂ ಜನ ಅದನ್ನೇ ಬರೀತಾರೆ ಅಂತ ಹುಡುಗಿಗೆ ಹೇಳಿದೀನಿ. ಬೇರೆ ಎರಡು ಕಡೆ ಹಾಕಿದಾಳೆ. ಒಂದು ಕಡೆಯಿಂದ ಟರ್ನ್ಡ್ ಡೌನ್ ಅಂತ ಬಂತು, ಓದಿದ ತಕ್ಷಣ "ಆಗಲ್ಲ ಅಂದಿದಾರೆ ಆಂಟಿ" ಅಂದ್ಲು. ಇನ್ನೊಂದು ಕಡೆಯಿಂದ ಪುಟ್ ಆಫ್ ಅಂತ ಬಂದಿದೆ. ಆ ಸಂಜೆ ಅವಳೇ ಫೋನ್ ಮಾಡಿ ಮುಂದಿನ ದಿನಾಂಕ ಕೇಳಿ ಬರ್ಕೊಂಡ್ಲು. ಚೂಡಿದಾರ್ ಇನ್ನೂ ಇಸ್ತ್ರಿ ಮಾಡಿಲ್ಲ, ಹಿಂದಿನ ದಿನ ಮಾಡ್ತೀನಿ ಅಂದಿದಾಳೆ.

ಗೆಟ್ ಮತ್ತೆ ಮೇಕ್ ಇನ್ನೂ ಮುಟ್ಟಿಲ್ಲ. ಗೆಟ್ ಪುಟಾನೇ ನಾಲ್ಕು ಬೇಕಾಗತ್ತೆ. ಮೇಕ್ ಅಪ್ ಅಂದ್ರೆ ಮುಖಕ್ಕೆ ಹಚ್ಚೋದೂ ಹೌದು, ಇಲ್ಲದ ಕಥೆ ಕಟ್ಟೋದೂ ಹೌದು, ಜಗಳ ಆಡಿದೋರು ರಾಜಿ ಆಗೋದೂ ಹೌದು. ಇದನ್ನ ಹೇಳಿದಾಗ ಆಪಾ, ಮೂರು ವರ್ಷದಿಂದ ತಂಗಿ ಜೊತೆ ಮಾತು ಬಿಟ್ಟಿರೋರು, ನೋಟ್‌ಬುಕ್ಕಲ್ಲಿ ಮೂರನೇದನ್ನ ಮಾತ್ರ ಬರ್ಕೊಂಡ್ರು. ಗುರುವಾರ ಮೂರು ಗಂಟೆಗೆ ಮೇಕ್‌ಗೆ ಕೂರ್ತೀವಿ. ಬರೋರು ಸ್ವಂತ ಪೆನ್ ತನ್ನಿ, ನಮ್ಮನೇದು ರನ್ ಔಟ್.